ಕಟ್ಟುವ ಹೊಣೆ, ನಂಬುವ ಅಧಿಕಾರ

ಮನುಷ್ಯನ ಪ್ರಯತ್ನ ಎಲ್ಲಿಗೆ ಮುಗಿಯುತ್ತದೆ, ದೈವದ ಮೇಲಿನ ಭರವಸೆ ಎಲ್ಲಿಂದ ಆರಂಭವಾಗಬೇಕು ಎಂಬ ಪ್ರಶ್ನೆಯನ್ನು ಹಲವು ಧರ್ಮಪರಂಪರೆಗಳು ತಮ್ಮ ತಮ್ಮ ನೆಲೆಯಲ್ಲಿ ಎತ್ತಿಕೊಂಡಿವೆ. ಮಹಾಭಾರತದ ಅನುಶಾಸನಪರ್ವದಲ್ಲಿ ಯುಧಿಷ್ಠಿರನು ದೈವ ಮತ್ತು ಪುರುಷಕಾರ, ಅಂದರೆ ಮನುಷ್ಯಪ್ರಯತ್ನ, ಇವುಗಳಲ್ಲಿ ಯಾವುದು ಹಿರಿದೆಂದು ಕೇಳಿದಾಗ, ಭೀಷ್ಮನು ಬ್ರಹ್ಮ-ವಸಿಷ್ಠರ ಸಂವಾದವೊಂದನ್ನು ಮುಂದಿಟ್ಟು, ಹೊಲವಿಲ್ಲದೆ ಬಿತ್ತಿದ ಬೀಜ ಫಲಿಸದಂತೆ ಪ್ರಯತ್ನವಿಲ್ಲದ ದೈವವೂ ಫಲಿಸದು ಎಂಬ ನಿಲುವನ್ನು ವಿವರಿಸುತ್ತಾನೆ. ಇಸ್ಲಾಮಿನಲ್ಲಿ ದೇವರ ಮೇಲಿನ ಸಂಪೂರ್ಣ ಭರವಸೆಗೆ ತವಕ್ಕುಲ್ ಎನ್ನುತ್ತಾರೆ. ಒಂಟೆಯನ್ನು ಕಟ್ಟಿ ದೇವರನ್ನು ನಂಬಬೇಕೇ, ಬಿಟ್ಟು ನಂಬಬೇಕೇ ಎಂದು ಕೇಳಿದವನಿಗೆ ಪ್ರವಾದಿಯವರು ಮೊದಲು ಕಟ್ಟುವಂತೆ, ಬಳಿಕ ನಂಬುವಂತೆ ಹೇಳಿದರೆಂಬ ವೃತ್ತಾಂತ ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿದೆ. ಪ್ರಯತ್ನ ಮತ್ತು ನಂಬಿಕೆಗಳ ಕ್ರಮವನ್ನು ಈ ಉತ್ತರ ಗೊತ್ತುಮಾಡುತ್ತದೆ. ಆದರೆ ಎಷ್ಟು ಕಟ್ಟಿದರೆ ಕಟ್ಟಿದಂತಾಯಿತು, ಕಟ್ಟುವ ಹೊಣೆ ಯಾರಿಗೆ ಸಲ್ಲಬೇಕಾದದ್ದು ಎಂಬ ಎರಡು ಪ್ರಶ್ನೆಗಳು ಅದರಾಚೆಗೂ ಉಳಿಯುತ್ತವೆ. ಒಂಟೆ ತಪ್ಪಿಸಿಕೊಂಡರೆ ನಷ್ಟ ಬಹುಮಟ್ಟಿಗೆ ಒಡೆಯನದು, ಹೆದ್ದಾರಿಯಲ್ಲಿ ಟ್ರೇಲರಿನಿಂದ ಕಳಚಿ ಬೀಳುವ ಭಾರೀ ಮೋಟಾರ್‌ಸೈಕಲ್ಲಿನ ನಷ್ಟ ಹಿಂದೆ ಬರುತ್ತಿರುವ ಅಪರಿಚಿತನದು. ಈ ವ್ಯತ್ಯಾಸವೇ ಹಳೆಯ ಪ್ರಶ್ನೆಯನ್ನು ಹೊಸದಾಗಿ ಪರಿಶೀಲಿಸಲು ಕಾರಣವಾಗುತ್ತದೆ.

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಸ್ಟರ್ಜಿಸ್ ಪಟ್ಟಣದಲ್ಲಿ 1938ರಲ್ಲಿ ಆರಂಭವಾದ ಮೋಟಾರ್‌ಸೈಕಲ್ ಮೇಳಕ್ಕೆ ಪ್ರತಿ ಆಗಸ್ಟಿನಲ್ಲಿ ದೂರದೂರದ ರಾಜ್ಯಗಳಿಂದ ಸವಾರರು ಬರುತ್ತಾರೆ. ಅವರಲ್ಲಿ ಅನೇಕರು ತಮ್ಮ ವಾಹನಗಳನ್ನು ಕಾರು ಅಥವಾ ಪಿಕಪ್ಪಿನ ಹಿಂದೆ ಎಳೆಯುವ ಟ್ರೇಲರ್‌ಗಳಲ್ಲಿ ತರುತ್ತಾರೆ. ಹೋಂಡಾ ಗೋಲ್ಡ್ ವಿಂಗ್ ಟೂರ್‌ನಂತಹ ಪ್ರವಾಸಿ ಮೋಟಾರ್‌ಸೈಕಲ್ ಸುಮಾರು 380 ಕಿಲೋಗ್ರಾಂ ತೂಗುತ್ತದೆ. ತನ್ನ ಚಕ್ರಗಳ ಮೇಲೆ ಓಡುವಾಗ ವೇಗ ಮತ್ತು ಹ್ಯಾಂಡಲಿನ ಸೂಕ್ಷ್ಮ ತಿರುವುಗಳಿಂದ ಸಮತೋಲ ಕಾಯ್ದುಕೊಳ್ಳುವ ಈ ಯಂತ್ರವು ಟ್ರೇಲರನ್ನು ಏರಿದೊಡನೆ ಆ ಶಕ್ತಿಯನ್ನು ಕಳೆದುಕೊಂಡು, ಎರಡೇ ಬಿಂದುಗಳ ಮೇಲೆ ನಿಂತ ಬರಿಯ ಭಾರವಾಗುತ್ತದೆ. ಸರಕು ಸಾಗಿಸುವ ವಾಣಿಜ್ಯ ವಾಹನಗಳಿಗೆ ಅಮೆರಿಕದ ಒಕ್ಕೂಟ ಸರ್ಕಾರ ವಿಧಿಸಿರುವ ನಿಯಮದಂತೆ, ಕಟ್ಟಿದ ಸರಕು ಮುಂದಕ್ಕೆ ಗುರುತ್ವದ 0.8 ಪಟ್ಟು, ಹಿಂದಕ್ಕೂ ಪಕ್ಕಕ್ಕೂ 0.5 ಪಟ್ಟು ವೇಗಬದಲಾವಣೆಯನ್ನು ತಾಳಿಕೊಳ್ಳಬೇಕು. ಇದೇ ಲೆಕ್ಕವನ್ನು ಮೇಲಿನ ಮೋಟಾರ್‌ಸೈಕಲ್ಲಿಗೆ ಅನ್ವಯಿಸಿದರೆ, ಗಟ್ಟಿಯಾಗಿ ಬ್ರೇಕ್ ಹಾಕಿದ ಕ್ಷಣದಲ್ಲಿ ಅದನ್ನು ಮುಂದಕ್ಕೆ ದೂಡುವ ಬಲ ಸುಮಾರು 300 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ.

ಈ ಬಲವನ್ನು ಎದುರಿಸುವ ವಿಧಾನ ಬಹಳ ಕಾಲದ ಬಳಕೆಯಿಂದ ರೂಪುಗೊಂಡಿದೆ. ಮುಂದಿನ ಚಕ್ರವನ್ನು ವೀಲ್ ಚಾಕ್ ಎಂಬ, ಟ್ರೇಲರಿನ ನೆಲಕ್ಕೆ ಬೋಲ್ಟ್ ಮಾಡಿದ ಉಕ್ಕಿನ ಹಿಡಿಯೊಳಗೆ ನಿಲ್ಲಿಸಿ, ನಾಲ್ಕು ಪಟ್ಟಿಗಳನ್ನು ನಾಲ್ಕು ಮೂಲೆಗಳಿಗೆ ಬಿಗಿಯಲಾಗುತ್ತದೆ. ಮುಂದಿನ ಎರಡು ಪಟ್ಟಿಗಳನ್ನು ಬಾಗಬಲ್ಲ ಹ್ಯಾಂಡಲಿಗೆ ಕಟ್ಟುವುದಕ್ಕಿಂತ ಫೋರ್ಕಿನ ಎರಡು ಕೊಳವೆಗಳನ್ನು ಜೋಡಿಸುವ ಕೆಳ ಕ್ಲ್ಯಾಂಪಿಗೆ ಮೆತ್ತನೆಯ ಕುಣಿಕೆಗಳ ಮೂಲಕ ಕಟ್ಟಿ, ಸುಮಾರು 45 ಡಿಗ್ರಿ ಕೋನದಲ್ಲಿ ಮುಂದಕ್ಕೂ ಹೊರಕ್ಕೂ ಎಳೆಯುವುದು ಭದ್ರ; ಹಿಂದಿನ ಎರಡು ಪಟ್ಟಿಗಳು ಚೌಕಟ್ಟಿನ ಗಟ್ಟಿ ಭಾಗದಿಂದ ಹಿಂದಕ್ಕೂ ಹೊರಕ್ಕೂ ಸಾಗುತ್ತವೆ. ಸೈಡ್ ಸ್ಟ್ಯಾಂಡನ್ನು ಮಡಚಿ ವಾಹನವನ್ನು ನೆಟ್ಟಗೆ ನಿಲ್ಲಿಸುವುದು ವಾಡಿಕೆ, ಏಕೆಂದರೆ ಸ್ಟ್ಯಾಂಡಿನ ಮೇಲೆ ವಾಲಿದ ವಾಹನ ಗುಂಡಿಯೊಂದರಲ್ಲಿ ಕುಲುಕಿದಾಗ ಒಂದು ಬದಿಯ ಪಟ್ಟಿ ಸಡಿಲಗೊಂಡು ಕೊಕ್ಕೆ ಕಳಚಬಹುದು. ಪಟ್ಟಿಯ ಮೇಲೆ ನಮೂದಾಗಿರುವ ಕೆಲಸದ ಭಾರಮಿತಿಯು ಅದು ಹರಿಯುವ ಭಾರದ ಮೂರನೆಯ ಒಂದು ಭಾಗವಷ್ಟೇ ಆಗಿರುವುದರಿಂದ, ಊಹಿಸಲಾಗದ ಆಘಾತಗಳಿಗೆ ಅಲ್ಲಿ ಮೊದಲೇ ಅವಕಾಶ ಕಲ್ಪಿಸಿದಂತಾಗಿದೆ.

ಇಷ್ಟಾದರೂ ಹೆಚ್ಚು ಬಿಗಿದಷ್ಟೂ ಹೆಚ್ಚು ಸುರಕ್ಷಿತ ಎನ್ನಲಾಗದು. ಫೋರ್ಕನ್ನು ಪೂರ್ತಿ ತಳಕ್ಕೆ ಅದುಮಿ ಕಟ್ಟಿದರೆ ಅದರ ಎಣ್ಣೆಯನ್ನು ತಡೆಹಿಡಿಯುವ ಸೀಲುಗಳು ಕೆಡಬಹುದು, ರಸ್ತೆಯ ಹೊಡೆತವನ್ನು ನುಂಗಿಕೊಳ್ಳಬೇಕಾದ ಸಸ್ಪೆನ್ಷನ್ ತನ್ನ ಕೆಲಸವನ್ನು ಮಾಡಲಾರದೆ ಆ ಹೊಡೆತ ನೇರವಾಗಿ ಪಟ್ಟಿಗಳನ್ನೂ ಕೊಕ್ಕೆಗಳನ್ನೂ ತಲುಪಬಹುದು. ಆದ್ದರಿಂದ ಫೋರ್ಕನ್ನು ಭಾಗಶಃ ಮಾತ್ರ ಅದುಮಿ, ಅಲುಗಾಟಕ್ಕೆ ಒಂದಿಷ್ಟು ಎಡೆ ಉಳಿಸಬೇಕಾಗುತ್ತದೆ. ಅನಿಶ್ಚಿತತೆಯನ್ನು ಸಂಪೂರ್ಣವಾಗಿ ಅಳಿಸಿಹಾಕಲು ಹೊರಟ ಪ್ರಯತ್ನ ತನ್ನ ಸಾಧನವನ್ನೇ ಹಾಳುಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ಯಂತ್ರಶಾಸ್ತ್ರ ಒದಗಿಸುವ ಸಾಕ್ಷ್ಯ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಪ್ರತಿ ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುತ್ತದೆ: ಕರ್ಮಕ್ಕೆ ಆಶ್ರಯವಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣ, ಬಗೆಬಗೆಯ ಚೇಷ್ಟೆ ಅಥವಾ ವ್ಯಾಪಾರ, ಐದನೆಯದಾಗಿ ದೈವ. ದೈವವೆಂದರೆ ಕಣ್ಣು ಮೊದಲಾದ ಇಂದ್ರಿಯಗಳನ್ನು ಅನುಗ್ರಹಿಸುವ ಆದಿತ್ಯಾದಿ ದೇವತೆಗಳು ಎಂದು ಶಂಕರರೂ, ಅಂತರ್ಯಾಮಿಯಾದ ಪರಮಾತ್ಮನೆಂದು ರಾಮಾನುಜರೂ ಅರ್ಥೈಸುತ್ತಾರೆ. ಯಾವ ಅರ್ಥವನ್ನು ಹಿಡಿದರೂ, ಉಳಿದ ನಾಲ್ಕು ಕಾರಣಗಳ ಜೊತೆಯಲ್ಲಿ ದೈವ ಐದನೆಯದಾಗಿ ನಿಲ್ಲುತ್ತದೆಯೇ ಹೊರತು ಅವುಗಳಲ್ಲೊಂದು ಕೊರತೆಯಾದಾಗ ಆ ಜಾಗವನ್ನು ತುಂಬುವ ಬದಲಿ ಕಾರಣವೆಂದು ಗೀತೆ ಅದನ್ನು ಹೇಳುವುದಿಲ್ಲ. ಸವೆದ ಪಟ್ಟಿಯನ್ನೇ ಬಳಸಿ ದೇವರ ಮೇಲೆ ಭಾರ ಹಾಕುವವನು ಕರಣದ ಲೋಪವನ್ನು ದೈವದ ಲೆಕ್ಕಕ್ಕೆ ಬರೆದಂತಾಗುತ್ತದೆ; ಎಲ್ಲವನ್ನೂ ತಾನೇ ಭದ್ರಪಡಿಸಿದೆನೆಂದು ನಿಶ್ಚಿಂತನಾಗುವವನು, ತಾನೊಬ್ಬನೇ ಕರ್ತೃವೆಂದು ಭ್ರಮಿಸುವವನನ್ನು ಕುರಿತು ಅದೇ ಅಧ್ಯಾಯ ಆಡುವ ಆಕ್ಷೇಪಕ್ಕೆ ಗುರಿಯಾಗುತ್ತಾನೆ. ಕರ್ನಾಟಕದಲ್ಲಿ ಆಯುಧಪೂಜೆಯಂದು ವಾಹನಕ್ಕೆ ಹೂವೇರಿಸಿ ಚಕ್ರದಡಿ ನಿಂಬೆಹಣ್ಣಿಡುವ ಆಚರಣೆಯನ್ನೂ ಈ ಬೆಳಕಿನಲ್ಲೇ ನೋಡಬೇಕು: ಕರಣವನ್ನು ಪೂಜಿಸಿದವನಿಗೆ ಅದನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಪ್ರಯತ್ನಕ್ಕೆ ಕಾಲದ ಆಯಾಮವೂ ಇದೆ. ಬೌದ್ಧ ಚಿಂತನೆಯಲ್ಲಿ ಅಪ್ರಮಾದ, ಅಂದರೆ ಮೈಮರೆಯದ ನಿರಂತರ ಎಚ್ಚರ, ಸದ್ಗುಣಗಳ ತಳಹದಿಯೆನಿಸಿದ್ದು, ಧಮ್ಮಪದದ ಎರಡನೆಯ ವರ್ಗವೇ ಅದಕ್ಕೆ ಮೀಸಲಾಗಿದೆ. ಹೊರಡುವಾಗ ಬಿಗಿಯಾಗಿದ್ದ ಪಟ್ಟಿ, ಟೈರು ಮತ್ತು ಸ್ಪ್ರಿಂಗುಗಳು ತಮ್ಮ ಜಾಗದಲ್ಲಿ ಕೂತುಕೊಂಡ ಮೇಲೆ ಸಡಿಲವಾಗುವುದು ಸಾಮಾನ್ಯ. ಅದಕ್ಕಾಗಿಯೇ ವಾಣಿಜ್ಯ ಚಾಲಕರು ಮೊದಲ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರಿನೊಳಗೆ ಸರಕಿನ ಕಟ್ಟನ್ನು ಪರೀಕ್ಷಿಸಬೇಕೆಂದೂ ಆಮೇಲೂ ನಿಯತವಾಗಿ ಪರೀಕ್ಷಿಸುತ್ತಿರಬೇಕೆಂದೂ ಅಮೆರಿಕದ ನಿಯಮ ಹೇಳುತ್ತದೆ. ಒಮ್ಮೆ ಮಾಡಿ ಮುಗಿಸಿದ ಕರ್ತವ್ಯವೆಂಬುದು ಇಲ್ಲಿಲ್ಲ. ಪ್ರಯಾಣ ಮುಗಿಯುವವರೆಗೆ ಪ್ರಯತ್ನದ ಪಾಲು ಜಾರಿಯಲ್ಲಿರುತ್ತದೆ.

ಹೀಗೆ ಎಚ್ಚರ ವಹಿಸದವನ ದೋಷವನ್ನು ಅಳೆಯುವುದು ಹೇಗೆಂಬುದು ಕಠಿಣವಾದ ಪ್ರಶ್ನೆ. ಬ್ರಿಟನ್ನಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗೆಲ್ 1976ರಲ್ಲಿ ನೈತಿಕ ಅದೃಷ್ಟ ಎಂಬ ಸಮಸ್ಯೆಯನ್ನು ಚರ್ಚೆಗೆ ತಂದರು. ಒಬ್ಬನ ನಡತೆಯ ಬಗೆಗಿನ ನೈತಿಕ ತೀರ್ಪು ಅವನ ಹತೋಟಿಯಲ್ಲಿಲ್ಲದ ಸಂಗತಿಗಳನ್ನು ಅವಲಂಬಿಸಿರುವುದೇ ಆ ಸಮಸ್ಯೆ. ಲಾರಿಯ ಬ್ರೇಕನ್ನು ಪರೀಕ್ಷಿಸದೆ ಓಡಿಸಿದವನ ದಾರಿಗೆ ಮಗುವೊಂದು ಅಡ್ಡ ಬಂದರೆ ಅವನು ಸಾವಿಗೆ ಕಾರಣನಾಗುತ್ತಾನೆ, ಬಾರದಿದ್ದರೆ ಅಜಾಗರೂಕನಷ್ಟೇ ಆಗಿ ಉಳಿಯುತ್ತಾನೆ ಎಂಬುದನ್ನು ನೇಗೆಲ್ ಉದಾಹರಿಸುತ್ತಾರೆ. ಸಡಿಲ ಪಟ್ಟಿಯೊಡನೆ ಹೊರಟ ಇಬ್ಬರಲ್ಲಿ ಒಬ್ಬನು ಕ್ಷೇಮವಾಗಿ ತಲುಪಿ ಇನ್ನೊಬ್ಬನಿಂದ ಅನಾಹುತವಾದರೆ, ಪರಿಹಾರದ ಹೊಣೆ ಇಬ್ಬರಿಗೂ ಒಂದೇ ಆಗದಿರಬಹುದು. ಆದರೆ ಹೊರಡುವ ಗಳಿಗೆಯಲ್ಲಿ ಇಬ್ಬರೂ ಎಸಗಿದ ತಪ್ಪು ಒಂದೇ. ಕ್ಷೇಮವಾಗಿ ತಲುಪಿದವನು ಅದನ್ನು ದೈವಕೃಪೆಯೆಂದು ಭಾವಿಸುವುದರಲ್ಲಿ ಆಕ್ಷೇಪವಿಲ್ಲ, ಆ ಕೃಪೆಯನ್ನು ತನ್ನ ನಡತೆಗೆ ದೊರೆತ ಸಮರ್ಥನೆಯೆಂದು ಭಾವಿಸಿದರೆ ಮಾತ್ರ ದೋಷವಿದೆ.

ಅಪಾಯ ತನ್ನೊಬ್ಬನದೇ ಎಂಬ ವಾದವನ್ನೂ ಪರಂಪರೆ ಉತ್ತರಿಸದೆ ಬಿಟ್ಟಿಲ್ಲ. ಯಹೂದಿ ಧರ್ಮಗ್ರಂಥವಾದ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಹಾಕಬೇಕೆಂದು, ಇಲ್ಲವಾದರೆ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುವುದೆಂದು ವಿಧಿಸುತ್ತದೆ. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ಈ ವಿಧಿಯನ್ನು ಪ್ರಾಣಾಪಾಯ ತರುವ ಎಲ್ಲ ವಸ್ತುಗಳಿಗೂ ವಿಸ್ತರಿಸಿ, ತನ್ನನ್ನು ತಾನು ಅಪಾಯಕ್ಕೊಡ್ಡಿಕೊಂಡರೆ ಇತರರಿಗೇನು ಎನ್ನುವವನನ್ನೂ ದಂಡನೆಗೆ ಅರ್ಹನೆಂದರು. ಆ ಗೋಡೆ ಮನೆಯೊಡೆಯನ ನಂಬಿಕೆಯ ಅಳತೆಗೋಲಲ್ಲ, ಮಾಳಿಗೆಯೇರುವ ಅತಿಥಿಗೆ ಸಲ್ಲಬೇಕಾದ ಋಣ. ಟ್ರೇಲರಿನ ಪಟ್ಟಿಯೂ ಅಂತಹದೇ: ಹಿಂದಿನ ವಾಹನದಲ್ಲಿರುವವನು ಈ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಕಟ್ಟಿದವನ ದೇವರನ್ನು ಅವನು ನಂಬಿರಬೇಕೆಂದೂ ಇಲ್ಲ.

ಆದ್ದರಿಂದ ಶರಣಾಗತಿಗೆ ಒಂದು ಅರ್ಹತೆ ಬೇಕಾಗುತ್ತದೆ. ತನ್ನ ಸ್ವತ್ತನ್ನು, ತನ್ನ ಫಲಾಪೇಕ್ಷೆಯನ್ನು ದೈವಕ್ಕೆ ಒಪ್ಪಿಸುವ ಅಧಿಕಾರ ಭಕ್ತನಿಗಿದೆ; ಅನ್ಯರ ಪ್ರಾಣವನ್ನು ತನ್ನ ಭಕ್ತಿಗೆ ಪಣವಾಗಿಡುವ ಅಧಿಕಾರ ಯಾವ ಪರಂಪರೆಯಿಂದಲೂ ಅವನಿಗೆ ದೊರೆಯದು. ಕರ್ತವ್ಯವೆಲ್ಲ ಮುಗಿದ ಮೇಲೂ ಪಟ್ಟಿ ಹರಿಯಬಹುದು, ರಸ್ತೆ ಕುಸಿಯಬಹುದು. ಭರವಸೆಗೆ ಧಾರ್ಮಿಕ ಅರ್ಥವಿರುವುದು ಆ ಉಳಿಕೆಯ ಕ್ಷೇತ್ರದಲ್ಲೇ, ಏಕೆಂದರೆ ಅಲ್ಲಿ ಅದು ಒಳ್ಳೆಯದೇ ಆಗುವುದೆಂಬ ಮುನ್ಸೂಚನೆಯಾಗಿರದೆ ಬಂದದ್ದನ್ನು ಪ್ರಾಮಾಣಿಕವಾಗಿ ಹೊರುವ ಸಿದ್ಧತೆಯಾಗಿರುತ್ತದೆ. ಕಟ್ಟಬೇಕಾದದ್ದನ್ನು ಕಟ್ಟದೆ ಬಿಟ್ಟವನಿಗೆ ಈ ಸಿದ್ಧತೆ ಲಭ್ಯವಿಲ್ಲ, ಅವನ ಪಾಲಿಗೆ ಉಳಿಯುವುದು ನೆಪ ಮಾತ್ರ.