ಕಾಣದ ಸಂದು

ಮಳೆಗಾಲ ಬಂತೆಂದರೆ ರಾಜಾಜಿನಗರದ ನಮ್ಮ ಮನೆಯ ಹಿಂಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಈ ಸಲ ಬಂದ ಆಚಾರ್ರು ಉಳಿಯ ಹಿಡಿಯಿಂದ ಬಾಗಿಲನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟರು. "ಎಲ್ಲ ಮಳೆಯ ಕಾಟ, ಆಚಾರ್ರೇ" ಎಂದೆ. "ಮಳೆ ಪಕ್ಕದ ಮನೆಗೂ ಬಂದಿದೆಯಲ್ಲ, ಮೇಷ್ಟ್ರೇ" ಎಂದವರೇ ಸಂದಿನಲ್ಲಿ ಮೆತ್ತಿದ್ದ ಪುಟ್ಟಿಯನ್ನು ಕೆರೆದು ತೋರಿಸಿದರು. ಒಳಗೆ ಬೆರಳು ತೂರುವಷ್ಟು ಬಿರುಕು.

ಬಡಿದು ಕೇಳುವ ಈ ವಿದ್ಯೆ ವಿಮಾನದವರದೂ ಹೌದು. ಜೆಟ್ ಎಂದರೆ ಲೋಹವೆಂದೇ ನಮ್ಮ ಎಣಿಕೆ. ಆದರೆ 1950ರ ದಶಕದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ತಯಾರಿಸಿದ ವ್ಯಾಂಪೈರ್ ಜೆಟ್ಟಿನಲ್ಲಿ ಪೈಲಟ್ ಕೂರುವ ಒಡಲು ಮರದ್ದು. ಪ್ಲೈವುಡ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿಟ್ಟು ಅಂಟಿಸಿದ್ದು. ಮರದ ವಿಮಾನದ ತನಿಖೆಗಾರ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾನೆ. ಅಂಟು ಬಿಟ್ಟಲ್ಲಿ ಸದ್ದು ಮಂಕಾಗುತ್ತದೆ. ನೀರು ಬಸಿಯುವ ರಂಧ್ರ ಕಟ್ಟಿದೆಯೇ ಎಂದು ನೋಡುತ್ತಾನೆ, ಮೂಸಿಯೂ ನೋಡುತ್ತಾನೆ. ಮರದಲ್ಲಿ ಶೇಕಡ 20ಕ್ಕಿಂತ ಹೆಚ್ಚು ತೇವ ನಿಂತರೆ ಕೊಳೆಯುವುದಕ್ಕೆ ಮೊದಲು. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ: ಬಲಹೀನವಾದ ಸಂದು ಗಟ್ಟಿ ಸಂದಿನಂತೆಯೇ ಕಾಣುತ್ತದೆ, ಎಷ್ಟೋ ವೇಳೆ ಹಾಗೆಯೇ ಸದ್ದು ಮಾಡುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಮುರಿಯಬೇಕು, ಮುರಿದರೆ ವಿಮಾನವಿಲ್ಲ. ಆದಕಾರಣ ಅದೇ ಮರದ ತುಂಡುಗಳನ್ನು ಅದೇ ಅಂಟಿನಿಂದ ಕೂಡಿಸಿ, ಅವನ್ನು ಮುರಿದು ಪರೀಕ್ಷಿಸುವ ಪದ್ಧತಿ ಬಂದಿತು.

1944ರಲ್ಲಿ ಈ ಭಾಗದ ಯುದ್ಧರಂಗದಲ್ಲಿದ್ದ ಬ್ರಿಟಿಷರ ಮಸ್ಕಿಟೊ ಎಂಬ ಮರದ ವಿಮಾನಗಳು ಆಕಾಶದಲ್ಲೇ ಮುರಿದು ಬೀಳತೊಡಗಿದವು. ಇಂಗ್ಲೆಂಡಿನಿಂದ ತನಿಖೆಗೆ ಬಂದ ತಂಡವು ಇದು ಮುಂಗಾರಿನ ತೇವದ ಫಲವೆಂದು ವರದಿಯಿತ್ತಿತು. ಮುಂದಿನ ವಿಚಾರಣೆಯಲ್ಲಿ ಬೇರೆ ಕಥೆ ಹೊರಬಿತ್ತು. ನಮ್ಮ ಮಳೆಯನ್ನು ಕಂಡೇ ಇರದ ವಿಮಾನಗಳಲ್ಲೂ ಅವೇ ದೋಷಗಳು! ಅಂಟಿಸಿದ ಕೆಲಸವೇ ಸರಿಯಿರಲಿಲ್ಲ. ಯುದ್ಧದ ಅವಸರ, ದಣಿದ ಕೈಗಳು. ಅವರನ್ನು ಸುಲಭವಾಗಿ ದೂರಲಾರೆ. ಆದರೆ ಪಾಪ, ಮುಂಗಾರಿನ ಪರವಾಗಿ ವಾದಿಸುವವರು ಯಾರು?

ಇದನ್ನೆಲ್ಲ ಬರೆಯಲು ನನಗೊಂದು ಕಾರಣವಿದೆ. ವರ್ಷಕ್ಕೆ ಹತ್ತಾರು ಹುಡುಗರಿಗೆ ನಾನು ಸದ್ವರ್ತನೆಯ ಪ್ರಮಾಣಪತ್ರ ಕೊಡುತ್ತೇನೆ. 'ನಾನು ಬಲ್ಲಂತೆ ಪ್ರಾಮಾಣಿಕ' ಎಂದು ಅಚ್ಚಾದ ಸಾಲಿನ ಕೆಳಗೆ ಸಹಿ. ಬಲ್ಲದ್ದೇನು? ಹಾಜರಿ ಪುಸ್ತಕದಲ್ಲಿನ ಒಂದು ಸಂಖ್ಯೆ. ವಿಜಯನಗರದ ಅಂಗಡಿಯವರೊಬ್ಬರು ಹೋದ ವರ್ಷ ಮನೆಗೆ ಬಂದಿದ್ದರು. ಅಂಥ ಹುಡುಗನೊಬ್ಬ ಗಲ್ಲಾಪೆಟ್ಟಿಗೆಯ ಹಣದೊಂದಿಗೆ ಕಾಣೆಯಾಗಿದ್ದ. "ನಿಮ್ಮ ಸಹಿ ಇತ್ತಲ್ಲ ಸಾರ್, ಅದಕ್ಕೇ ಇಟ್ಟುಕೊಂಡೆ" ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ನಾನು ಕಾಫಿ ತರಿಸಿ, "ಕಾಲವೇ ಹಾಗಿದೆ, ಏನು ಮಾಡೋಣ" ಎಂದುಬಿಟ್ಟೆ.

ಮನುಷ್ಯನನ್ನು ಮುರಿದು ನೋಡುವಂತಿಲ್ಲ, ನಿಜ. ಅವನ ಬದಲಿಗೆ ಮುರಿದು ನೋಡಲು ಮಾದರಿಯ ತುಂಡೂ ಸಿಕ್ಕದು. ಹಾಗೆಂದು ಸಹಿಯನ್ನೇ ನಿಲ್ಲಿಸಿದರೆ ಬಡ ಹುಡುಗನಿಗೆ ಕೆಲಸ ಸಿಕ್ಕುವುದು ಹೇಗೆ? ತಟ್ಟಿಯಾದರೂ ನೋಡಬಹುದಾಗಿತ್ತು, ಅದನ್ನೂ ನಾನು ಮಾಡಿರಲಿಲ್ಲ.

ನಿನ್ನೆ ಇನ್ನೊಬ್ಬ ಹುಡುಗ ಪತ್ರ ಹಿಡಿದು ಬಂದ. ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿ, "ಕೂತುಕೊಳ್ಳಪ್ಪ, ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ?" ಎಂದು ಕೇಳಿದೆ. ಅವನು ಗಡಿಯಾರ ನೋಡಿಕೊಂಡು, ಕೆಂಗೇರಿ ಬಸ್ಸಿಗೆ ಹೊತ್ತಾಯಿತೆಂದ. ಆದರೂ ಕೂತ.