ಲಕ್ಕಮ್ಮನ ಅಳತೆಯಲ್ಲಿ ಒಂದು ಗುಂಡಿ

ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಆ ಅಕ್ಕಿಯನ್ನು ಒಲೆಯ ಹತ್ತಿರ ಬರಗೊಡಲಿಲ್ಲ, ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು ಎನ್ನುತ್ತದೆ ಶರಣರ ಕಥೆ. ಈ ದಂಪತಿಯ ಊರು ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರ. ಬಸವಣ್ಣ ಐಕ್ಯರಾದ ಕೂಡಲಸಂಗಮವಿರುವುದು ಹುನಗುಂದದ ಸೀಮೆಯಲ್ಲಿ. ರಾಮಥಾಳ, ಇಳಕಲ್ಲಿನ ಕಡೆಯ ಜನರಿಗೆ ಇದು ನೆರೆಮನೆಯ ಕಥೆ.

ಈ ಸೀಮೆಯ ಹೆಣ್ಣುಮಗಳೊಬ್ಬಳು ಮೊಮ್ಮಗುವಿಗೆ ಕ್ರೋಶಾದಲ್ಲಿ ಸ್ವೆಟರ್ ಹೆಣೆದು ಮುಗಿಸಿದ್ದಾಳೆ ಅನ್ನೋಣ. ಎದೆ ಮುಚ್ಚಲು ಮೂರು ಗುಂಡಿ ಸಾಕು. ತೋಳಿನ ಮೇಲೆ ಯಾವ ಕಾಜಕ್ಕೂ ಸೇರದ, ಬರೀ ಚೆಂದಕ್ಕೆಂದು ಇನ್ನೆರಡು ಹಚ್ಚಿದರೆ ಅದು ಲಕ್ಕಮ್ಮ ತಿರುಗಿ ಕಳಿಸಿದ ಅಕ್ಕಿಯಾಗುತ್ತದೆಯೇ?

ಉತ್ತರಕ್ಕೆ ಮುಂಚೆ ಕೆಲಸವನ್ನು ನೋಡಬೇಕು. ಕ್ರೋಶಾ ಹೆಣಿಗೆ ಜಗ್ಗುತ್ತದೆ. ಅದಕ್ಕೇ ಹೆಣಿಗೆ ಮುಗಿದ ಮೇಲೆ, ಅದನ್ನೇ ಅಂಗಡಿಗೆ ಒಯ್ದು ಗುಂಡಿ ಆರಿಸುವುದು ಒಳ್ಳೆಯದು. ಕಾಜದ ಸಂದಿಯಲ್ಲಿ ಗುಂಡಿ ತುಸು ಬಿಗಿಯಾಗಿ ತೂರಬೇಕು. ಸಲೀಸಾಗಿ ಹೋಗುವಂಥದ್ದು ನಾಲ್ಕು ಸಲ ಒಗೆದ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಚ್ಚುವಾಗ ಗುಂಡಿಯ ಕೆಳಗೆ ಹೆಣಿಗೆಯ ದಪ್ಪದಷ್ಟು ಸಡಿಲ ಬಿಟ್ಟು, ದಾರವನ್ನು ಸುತ್ತಿ ಸಣ್ಣ ಕಾಲಿನಂತೆ ಮಾಡಬೇಕು. ಹಿಂಬದಿಗೆ ಇನ್ನೊಂದು ಚಪ್ಪಟೆ ಗುಂಡಿ ಇಟ್ಟು ಎರಡನ್ನೂ ಒಂದೇ ದಾರದಲ್ಲಿ ಹೊಲಿದರೆ ಎಳೆತದ ಭಾರವನ್ನು ಹೆಣಿಗೆಯ ಒಂದೇ ಎಳೆ ಹೊರಬೇಕಾಗುವುದಿಲ್ಲ. ಆ ಹಿಂದಿನ ಗುಂಡಿ ಯಾರಿಗೂ ಕಾಣುವುದಿಲ್ಲ. ಎಣಿಕೆಗೆ ಅದು ಹೆಚ್ಚಿನದು, ಕೆಲಸಕ್ಕೆ ಬೇಕಾದದ್ದು.

ಇಳಕಲ್ಲಿನ ಮಗ್ಗದಲ್ಲೂ ಇಂಥದೊಂದು ಕೂಡಿಕೆಯಿದೆ. ಹತ್ತಿಯ ಮೈಯ ಸೀರೆಗೆ ರೇಷ್ಮೆಯ ಸೆರಗು ಬೇಕಾದಾಗ ಎರಡರ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕಣ್ಣು ಸೋಲುವಷ್ಟು ದುಡಿಮೆ. ಆದರೆ ಅದರ ಹಿಂದಿರುವುದು ಮಿತವ್ಯಯ: ದುಬಾರಿ ರೇಷ್ಮೆ ಇಡೀ ಸೀರೆಗೆ ಬೇಕಾಗುವುದಿಲ್ಲ. ಉಟ್ಟವರ ಹೆಗಲ ಮೇಲೆ ಮೆರೆಯುವ ಆ ಕೆಂಪು ಸೆರಗು ಅಲಂಕಾರವೋ ಉಳಿತಾಯವೋ ಎಂದು ಗೆರೆ ಎಳೆದು ಹೇಳುವುದು ಕಷ್ಟ. ಗುಳೇದಗುಡ್ಡದ ಖಣದ ಕುಪ್ಪಸಕ್ಕಂತೂ ಹಳೆಯ ರೀತಿಯಲ್ಲಿ ಗುಂಡಿಯೇ ಇರಲಿಲ್ಲ. ಮುಂದೆ ಗಂಟು ಹಾಕಿದರೆ ಆಯಿತು.

ಇನ್ನು ಲಕ್ಕಮ್ಮನ ಮಾತು. ಆಕೆ ಆಸೆಯೆಂದು ತಡೆದದ್ದು ತಮ್ಮ ಮನೆಗೆ ಬಂದ ಹೆಚ್ಚನ್ನು. ಹೊರಗೆ ಕೊಡುವ ಕೈಯನ್ನು ಆಕೆ ಹಿಡಿಯಲಿಲ್ಲ. ಆ ಅಕ್ಕಿಯನ್ನು ಬೇಯಿಸಿ ಬಡಿಸಬೇಕಾದದ್ದೇ ಜಂಗಮ ದಾಸೋಹಕ್ಕೆ. ಈ ಅಳತೆಯಲ್ಲಿ ಮಗುವಿನ ತೋಳಿನ ಎರಡು ಗುಂಡಿ ಆಸೆಯ ಲೆಕ್ಕಕ್ಕೆ ಬರುವುದಿಲ್ಲ. ಹೆಣೆದವಳು ಅವುಗಳಿಂದ ಏನನ್ನೂ ಪಡೆಯಲಿಲ್ಲ, ಒಂದು ಸಂಜೆಯನ್ನು ಕೊಟ್ಟಳು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೂ ಇದ್ದಾನೆ. ಸೂಜಿಯ ಕೆಲಸವನ್ನೇ ತನ್ನ ಹೆಸರಿಗೆ ಸೇರಿಸಿಕೊಂಡವನು. ಅವರ ಲೋಕದಲ್ಲಿ ಹೊಲಿಗೆ ಚಿಕ್ಕ ಕೆಲಸವಾಗಿರಲಿಲ್ಲ.

ಕೊಡುವುದಕ್ಕೂ ಒಂದು ಎಚ್ಚರವಿದೆ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಕಿತ್ತ ಗುಂಡಿ ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ತೀರ ಎಳೆಯ ಮಗುವಿನ ಅಂಗಿಗೆ ಕಸೆಯೇ ವಾಸಿ, ಅದೂ ಕೊರಳಿಂದ ದೂರದಲ್ಲಿ, ಗಿಡ್ಡಗೆ. ಅಲ್ಲಿ ಚೆಂದದ ಗುಂಡಿ ಹಚ್ಚುವ ಹಟ ಮಗುವಿಗಲ್ಲ, ನೋಡುವವರ ಹೊಗಳಿಕೆಗೆ. ಲಕ್ಕಮ್ಮ ಅದನ್ನು ಖಂಡಿತ ತಿರುಗಿ ಕಳಿಸುತ್ತಿದ್ದಳು.

ಮಾರುವುದಕ್ಕೆ ಹೆಣೆಯುವವರ ಪ್ರಶ್ನೆ ಇನ್ನೂ ಬಿಗಿಯಾದದ್ದು. ಎರಡು ಗುಂಡಿ ಹೆಚ್ಚಿಗೆ ಹಚ್ಚಿ ಬೆಲೆ ಏರಿಸಿದರೆ ಆ ಹೆಚ್ಚು ಮತ್ತೆ ಮನೆಗೇ ಬರುತ್ತದೆ. ಹಿಂದಿನ ಗುಂಡಿಗೂ ಸುತ್ತಿದ ದಾರಕ್ಕೂ ಬೆಲೆ ಕಟ್ಟಿ ಕೊಡುವ ಗಿರಾಕಿ ಅಪರೂಪ. ಆ ದುಡಿಮೆಗೆ ಕೂಲಿ ಕೇಳುವುದು ಮಾತ್ರ ಆಸೆಯಲ್ಲ, ಕಾಯಕದ ಹಕ್ಕು.