ಬಸ್ಸಿನಲ್ಲಿ ಬಾಯಿಬಿಟ್ಟ ಮಾತು

ಶ್ರೀರಂಗಪಟ್ಟಣ ದಸರೆಯ ಜಂಬೂಸವಾರಿ ಹೊರಡುವ ದಿನ ಬಿಟ್ಟರೆ ಕಿರಂಗೂರಿನ ಬನ್ನಿಮಂಟಪದ ಹತ್ತಿರ ಅಂಥ ಜನವಿರುವುದಿಲ್ಲ. ವಿದ್ಯಾರ್ಥಿಗಳ ಮನೆಭೇಟಿಗೆಂದು ನಾವು ಅಲ್ಲಿ ಬಸ್ಸಿಳಿದು ಊರೊಳಗೆ ನಡೆದೆವು. ನನ್ನೊಂದಿಗೆ ಎಂಬಿಬಿಎಸ್‌ನ ಇಬ್ಬರು ಹುಡುಗರು, ನರ್ಸಿಂಗ್‌ನ ಒಬ್ಬ ಹುಡುಗಿ.

ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಎರಡು ಮಾತ್ರೆ ಶೀಟು ತೆಗೆದು ಚಾಪೆ ಮೇಲಿಟ್ಟರು. "ಇದು ಆಸ್ಪತ್ರೇಲಿ ಕೊಟ್ಟಿದ್ದು, ಇದು ಮೈಸೂರಿಂದ ತರ್ಸಿದ್ದು ಕಣಪ್ಪ. ಎರಡ್ನೂವೆ ನುಂಗ್ತೀನಿ." ಹುಡುಗರಲ್ಲೊಬ್ಬ 'ಮಾತ್ರೆ ತಪ್ಪದೆ ಸೇವಿಸುತ್ತಾರೆ' ಎಂದು ಬರೆದುಕೊಂಡ. ಹುಡುಗಿ ಶೀಟುಗಳನ್ನು ಮಗುಚಿ ನೋಡಿದಳು, ಇದ್ದಲ್ಲೇ ಇಟ್ಟಳು.

ವಾಪಸ್ ಬಸ್ಸಿನಲ್ಲಿ ಹೇಳಿದಳು: "ಸಾರ್, ಎರಡೂ ಮೆಟ್‌ಫಾರ್ಮಿನ್ನೇ. ಕಂಪನಿ ಹೆಸರು ಬೇರೆ ಅಷ್ಟೆ."

"ಅಲ್ಲೇ ಯಾಕಮ್ಮಾ ಹೇಳಲಿಲ್ಲ?"

"ಡಾಕ್ಟ್ರು ಬರ್ಕೊಂಡಾಗಿತ್ತು ಸಾರ್."

ಆ 'ಡಾಕ್ಟ್ರು' ಎರಡನೇ ವರ್ಷದ ಹುಡುಗ. ಕೂತಲ್ಲಿಂದಲೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆವು. ಶೀಟು ನಾನೂ ಮಗುಚಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಹಿಂದಿನ ವಾರವಷ್ಟೇ ಈ ವಿದ್ಯಾರ್ಥಿಗಳ ತರಗತಿಗಳಿಗೆ ಪ್ರಶ್ನಾವಳಿ ಹಂಚಿದ್ದೆ. 1999ರಲ್ಲಿ ಪಾರ್ಸೆಲ್ ಮತ್ತು ಬ್ಲೈ ಇಂಗ್ಲೆಂಡಿನಲ್ಲಿ ರೂಪಿಸಿದ, ಬೇರೆ ವೃತ್ತಿಯವರೊಡನೆ ಕೂಡಿ ಕಲಿಯಲು ವಿದ್ಯಾರ್ಥಿಗಳು ಎಷ್ಟು ಸಿದ್ಧರಿದ್ದಾರೆ ಎಂದು ಅಳೆಯುವ 'ರಿಪಲ್ಸ್' ಮಾಪಕ: 19 ಹೇಳಿಕೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಕೂಡಿ ಕಲಿಯುವುದು ಒಳ್ಳೆಯದೇ ಎಂದು ಕೇಳಿದರೆ ಬೇಡ ಅನ್ನುವವರು ಯಾರು? ಅಂಕಗಳೆಲ್ಲ ಮೇಲ್ತುದಿಗೇ ಅಂಟಿಕೊಂಡಿದ್ದವು. ನರ್ಸ್‌ಗಳ ಕೆಲಸ ಮುಖ್ಯವಾಗಿ ಡಾಕ್ಟರಿಗೆ ನೆರವಾಗುವುದು ಎಂಬರ್ಥದ ಒಂದು ಹೇಳಿಕೆಯಲ್ಲಿ ಮಾತ್ರ ಲೆಕ್ಕ ತಪ್ಪಿತ್ತು. ನರ್ಸಿಂಗ್ ತರಗತಿಯ ಹಲವರು ಅದಕ್ಕೂ 'ಒಪ್ಪುತ್ತೇನೆ' ಎಂದೇ ಗುರುತು ಹಾಕಿದ್ದರು. ಸರಿಯಾಗಿ ಓದಿಕೊಂಡಿಲ್ಲ ಎಂದು ಪಕ್ಕಕ್ಕಿಟ್ಟೆ. ಬಸ್ಸಿನ ಆ ಮಾತಿನ ನಂತರ ಅನ್ನಿಸಿತು, ಇಡೀ ಕಟ್ಟಿನಲ್ಲಿ ನಿಜ ಹೇಳಿದ್ದ ಸಾಲು ಅದೊಂದೇ ಇರಬಹುದು. ಸರಿಯಾಗಿ ಓದಿಕೊಳ್ಳದವನು ನಾನು.

ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಪರಸ್ಪರರ ಬಗ್ಗೆ, ಪರಸ್ಪರರಿಂದ, ಪರಸ್ಪರರೊಡನೆ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿತು. 'ಬಗ್ಗೆ' ಪಾಠದಲ್ಲಿ ಮುಗಿಯುತ್ತದೆ. 'ಒಡನೆ'ಗೆ ಒಂದು ಬಸ್ಸು ಸಾಕು. ಕಷ್ಟವಿರುವುದು 'ಇಂದ'ದಲ್ಲಿ. ಅವಳಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂದು ಅವನಿಗೆ ತೋಚಬೇಕು, ಅವನು ಪೆನ್ನು ಎತ್ತಿ ಕಾಯಬೇಕು. ಮಾಪಕ ಅವಳ ಮನೋಭಾವ ಅಳೆಯಿತು. ಅವಳ ಮಾತಿಗೆ ಅಲ್ಲಿ ಎಷ್ಟು ಜಾಗವಿತ್ತು ಎಂದು ಅಳೆಯಲಿಲ್ಲ.

ಮುಂದಿನ ಭೇಟಿಗೆ ಅದೇ ಚಾಪೆ, ಅದೇ ಕವರು. ಶೀಟು ಈಗ ಒಂದೇ. "ಇವತ್ತು ಮೊದಲು ನೀನು ಹೇಳಮ್ಮ" ಅಂದೆ. ಅವಳು ಬಾಯಿ ತೆರೆಯುವ ಮೊದಲು ಒಮ್ಮೆ ಆ ಹುಡುಗನ ಮುಖ ನೋಡಿದಳು.